ತಂತಿಯಿಲ್ಲದ ಫೋನಿಗೆ ಕನ್ನಡದ ಬೀಗ

ಆ ಶನಿವಾರ ಬೆಳಿಗ್ಗೆ ಮಾಡಿ ಮುಗಿಸಿದ ಕೆಲಸಗಳು ಇಷ್ಟು: ನಲ್ಲಿ ನಿಲ್ಲುವುದರೊಳಗೆ ಡ್ರಮ್ಮು, ಹಂಡೆ, ಬಕೆಟ್ಟು, ಕೊನೆಗೆ ಕುಕ್ಕರಿಗೂ ನೀರು ತುಂಬಿದ್ದು. ಹಾಲು ಕಾಯಿಸಿದ್ದು. ಅತ್ತೆಗೆ ಹಲ್ಲುಜ್ಜಿಸಿ, ಮೈ ಒರೆಸಿ, ಮಗ್ಗುಲು ತಿರುಗಿಸಿ ಬೆನ್ನಿಗೆ ಪೌಡರು ಹಾಕಿದ್ದು. ಇವರಿಗೆ ತಿಂಡಿಯ ಡಬ್ಬಿ ಕಟ್ಟಿದ್ದು. ಮಗಳ ದುಪಟ್ಟಾಕ್ಕೆ ಗಂಜಿ ಹಾಕಿದ್ದು. ಅತ್ತೆಯ ಹಾಸಿಗೆಯ ಚಾದರ ಒಗೆದು ಕಿಟಕಿಯ ಗ್ರಿಲ್ಲಿಗೆ ಹರವಿದ್ದು. ಹಿಂದಿನ ದಿನ ಆರಿಸಿಟ್ಟ ಗೋಧಿಯನ್ನು ಡಬ್ಬದಲ್ಲಿ ತುಂಬಿ ಹಿಟ್ಟಿನ ಚಕ್ಕಿಗೆ ಹೊತ್ತುಕೊಂಡು ಹೋದದ್ದು.

ಚಕ್ಕಿಯಲ್ಲಿ ಕೇಳಿದ ಮಾತಿನ ಮುಂದೆ ಉಳಿದ ಕೆಲಸಗಳ ಆಯಾಸ ಏನೂ ಅಲ್ಲ ಅನ್ನಿಸಿಬಿಟ್ಟಿತು. ಅದನ್ನು ಹೇಳುವ ಮೊದಲು ನಮ್ಮ ಮನೆಯ ಫೋನಿನ ವಿಷಯ ಹೇಳಬೇಕು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಘಾಟ್ಕೋಪರಿನ ಒಂದು ಸೊಸೈಟಿಯಲ್ಲಿ, ಎರಡು ಕೋಣೆಯ ಮನೆಯಲ್ಲಿದ್ದೆವು. ವರ್ಷಗಟ್ಟಲೆ ಕಾದ ಮೇಲೆ ಬಂದ ಟೆಲಿಫೋನು ಹಾಲಿನಲ್ಲಿ ಎತ್ತರದ ಸ್ಟೂಲಿನ ಮೇಲೆ, ನಾನೇ ಹೆಣೆದ ಕ್ರೋಶಾ ಹೊದಿಕೆ ಹೊದ್ದುಕೊಂಡು ಕೂತಿತ್ತು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಒಳಕೋಣೆಯ ಮಂಚ ಬಿಟ್ಟು ಏಳಲಿಲ್ಲ. ಮೈಸೂರಿನಲ್ಲಿದ್ದ ನನ್ನ ನಾದಿನಿ, ಅಂದರೆ ಅತ್ತೆಯ ಒಬ್ಬಳೇ ಮಗಳು, ಪ್ರತಿ ಭಾನುವಾರ ಬೆಳಿಗ್ಗೆ ಗಂಡ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಫೋನು ಮಾಡುತ್ತಿದ್ದಳು. ಫೋನಿನ ದಾರ ಒಳಕೋಣೆಗೆ ಎಟುಕುತ್ತಿರಲಿಲ್ಲ. ಹಾಗಾಗಿ ಇವರೂ ನಾನೂ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಕಡೆ ಹಿಡಿದು, ಹಾಲಿಗೆ ಎತ್ತಿ ತರುತ್ತಿದ್ದೆವು. ಟೀವಿಯಲ್ಲಿ ಭಾನುವಾರದ ಧಾರಾವಾಹಿ ಕಿರುಚುತ್ತಿರುತ್ತಿತ್ತು. ಅದನ್ನು ನೋಡಲು ಪಕ್ಕದ ಮನೆಯವರೂ ಬಂದು ಕೂತಿರುತ್ತಿದ್ದರು. ಅಷ್ಟು ಜನರ ನಡುವೆ ಅತ್ತೆ, “ಹೂಂ. ತಿಂಡಿ ಆಯ್ತಾ? ಮಳೆ ಬಂತಾ? ಹೂಂ. ಇಡಲಾ ಹಾಗಾದ್ರೆ?” ಎಂದು ಇಟ್ಟುಬಿಡುತ್ತಿದ್ದರು. ಮತ್ತೆ ಕುರ್ಚಿ ಎತ್ತಿ ಒಳಗೆ ಇಳಿಸುವಾಗ ಅವರ ಮುಖ ಗೋಡೆಯ ಕಡೆ ತಿರುಗಿರುತ್ತಿತ್ತು.

ನಾದಿನಿಯ ಮನೆಯಲ್ಲಿ ಏನೋ ಸರಿಯಿಲ್ಲ ಎಂಬುದು ನನಗೆ ಗೊತ್ತಿತ್ತು. ಏನು ಎಂದು ಗೊತ್ತಿರಲಿಲ್ಲ. ಅವಳು ಅಣ್ಣನ ಹತ್ತಿರವೂ ಹೇಳುವವಳಲ್ಲ, ನನ್ನ ಹತ್ತಿರವಂತೂ ದೂರದ ಮಾತು. ಹೇಳಿದರೆ ತಾಯಿಗೆ ಮಾತ್ರ.

ಇವರೇ ಒಂದು ಸಂಜೆ ಗ್ರಾಂಟ್ ರೋಡಿನ ಅಂಗಡಿ ಸಾಲಿನಿಂದ ತಂತಿಯಿಲ್ಲದ ಫೋನು ತಂದರು. ಕಾರ್ಡ್‌ಲೆಸ್ ಎಂದು ಅದರ ಹೆಸರು. ಗೋಡೆಯ ತಂತಿಗೆ ಸಿಕ್ಕಿಸುವ ಒಂದು ಪೀಠ, ಅದರ ಮೇಲೆ ಮಲಗಿಸುವ ಒಂದು ರಿಸೀವರು, ಎರಡಕ್ಕೂ ಉದ್ದನೆಯ ಏರಿಯಲ್ಲು. ಇವರು ಕನ್ನಡಕ ಮೂಗಿನ ತುದಿಗೆ ತಂದು ಪುಸ್ತಿಕೆ ಓದಿದರು. ಬ್ಯಾಟರಿ ತುಂಬುವ ತನಕ ಮುಟ್ಟಕೂಡದು ಎಂದರು. ಪೀಠವನ್ನು ಸ್ಟೂಲಿನ ಮೇಲಿಟ್ಟರೆ ನಡುವೆ ನಿಂತ ಕಬ್ಬಿಣದ ಬೀರು ಅಡ್ಡ ಬಂದು ಒಳಕೋಣೆಯಲ್ಲಿ ಬರೀ ಕರಕರ ಸದ್ದು. ಟೀವಿಯ ಹತ್ತಿರ ಇಟ್ಟರೆ ಟೀವಿಯಲ್ಲಿ ಗೆರೆ. ಕೊನೆಗೆ ಫ್ರಿಜ್ಜಿನ ಮೇಲೆ, ಕಿಟಕಿಗೆ ಒತ್ತಿದ ಹಾಗೆ ಇಟ್ಟು, ಏರಿಯಲ್ಲನ್ನು ಪೂರ್ತಿ ಎಳೆದು ಗ್ರಿಲ್ಲಿನ ಹೊರಗೆ ಚಾಚಿದಾಗ ಒಳಗೆ ಮಾತು ಸ್ವಚ್ಛವಾಗಿ ಕೇಳಿಸಿತು.

“ಯಾರಾದ್ರೂ ಕೇಳಿಸಿಕೊಂಡ್ರೆ?” ಎಂದು ನಾನು ಕೇಳಿದ್ದು ನಿಜ. ಗಾಳಿಯಲ್ಲಿ ಹೋಗುವ ಮಾತಲ್ಲವೇ ಎಂದು.

“ಕೇಳಿಸಿಕೊಳ್ಳಲಿ ಬಿಡೇ,” ಎಂದರು ಇವರು. “ಸುತ್ತ ಇರೋರೆಲ್ಲ ಗುಜರಾತಿಗಳು, ಮರಾಠಿಗಳು. ನಮ್ಮಮ್ಮ ಮಾತಾಡೋ ಕನ್ನಡ ಯಾರಪ್ಪನಿಗೆ ಅರ್ಥ ಆಗತ್ತೆ?”

ನನಗೂ ಅದು ಸರಿ ಎನ್ನಿಸಿತು. ಮುಂಬಯಿಗೆ ಬಂದ ಮೊದಲ ದಿನದಿಂದ ನಮ್ಮ ಗುಟ್ಟೆಲ್ಲ ಕನ್ನಡದೊಳಗೇ ಇತ್ತು. ತರಕಾರಿ ಮಾರುವ ಭಾಜಿಯವನ ಎದುರಿಗೇ ನಿಂತು “ಇವನ ತಕ್ಕಡಿ ಮೋಸದ್ದು, ಮುಂದೆ ನಡೀರಿ” ಎನ್ನುತ್ತಿದ್ದೆವು. ಲೋಕಲ್ಲಿನಲ್ಲಿ ಎದುರು ಕೂತವಳ ರವಿಕೆಯ ಬಗ್ಗೆ ಮಾತಾಡುತ್ತಿದ್ದೆವು. ಮನೆಗೆ ಬಂದ ನೆಂಟರ ಮುಂದೆ ಹಿಂದಿಯಲ್ಲಿ “ಊಟ ಮಾಡಿಕೊಂಡೇ ಹೋಗಬೇಕು” ಎಂದು, ಇವರ ಕಡೆ ತಿರುಗಿ ಕನ್ನಡದಲ್ಲಿ “ಅನ್ನ ಸಾಲದು” ಎನ್ನುತ್ತಿದ್ದೆ. ಬೀರುವಿಗೆ ಬೀಗ ಹಾಕದೆ ಮಲಗಿದ್ದುಂಟು, ಈ ಒಂದು ಬೀಗವನ್ನು ಮಾತ್ರ ಎಂದೂ ಅನುಮಾನಿಸಿರಲಿಲ್ಲ.

ಆಮೇಲಿನ ಭಾನುವಾರಗಳೇ ಬೇರೆ. ಫೋನು ಬರುವ ಮೊದಲು ಅತ್ತೆ, “ತಲೆ ಬಾಚಿಕೊಡೇ,” ಎನ್ನುತ್ತಿದ್ದರು. ಮೈಸೂರಿನಿಂದ ಮಗಳಿಗೆ ಕಾಣಿಸುತ್ತದೋ ಎಂಬ ಹಾಗೆ. ರಿಸೀವರು ಕೈಗಿತ್ತರೆ, “ಬಾಗಿಲು ಮುಂದೆ ಮಾಡ್ಕೊಂಡು ಹೋಗು,” ಎನ್ನುತ್ತಿದ್ದರು. ಒಳಗೆ ಮಾತು ಸಣ್ಣ ಧಾರೆಯಂತೆ ಹರಿಯುತ್ತಿತ್ತು. ಬಾಗಿಲು ತೆಗೆದಾಗ ಕಣ್ಣು ಕೆಂಪಗಿದ್ದರೂ ಆ ದಿನ ಅವರು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು. ಒಮ್ಮೆ ನಾನು ಬೆನ್ನಿಗೆ ಪೌಡರು ಹಾಕುತ್ತಿದ್ದಾಗ, “ಇದೊಂದು ಇಲ್ದೇ ಹೋಗಿದ್ರೆ ನಾನು ಯಾವತ್ತೋ ಹೋಗಿಬಿಡ್ತಿದ್ದೆ ಕಣೇ. ಅವಳಿಗೂ ಬೇರೆ ಯಾರಿದಾರೆ ಹೇಳು?” ಎಂದರು. ಅವರು ಅಷ್ಟು ಹೇಳಿದ್ದೇ ಹೆಚ್ಚು.

ಇನ್ನು ಚಕ್ಕಿಯ ವಿಷಯ. ಗಿರಣಿಯವನು ಬೇರೊಬ್ಬರ ಬಾಜ್ರಿ, ಅಂದರೆ ಸಜ್ಜೆ, ಬೀಸಿ, ಕಲ್ಲು ಒರೆಸದೆ ನನ್ನ ಗೋಧಿ ಸುರಿದುಬಿಟ್ಟ. “ಅಯ್ಯೋ ನನ್ನ ಕರ್ಮವೇ, ಚಪಾತಿಯೆಲ್ಲ ಕಪ್ಪಾಯ್ತಲ್ಲಪ್ಪಾ!” ಎಂದು ನನ್ನಷ್ಟಕ್ಕೆ ಗೊಣಗಿಕೊಂಡೆ. ಪಕ್ಕದಲ್ಲಿ ಸರದಿಗೆ ನಿಂತಿದ್ದ ಹೆಂಗಸು ಸರಕ್ಕನೆ ತಿರುಗಿದಳು. ಎದುರು ಬಿಲ್ಡಿಂಗಿಗೆ ಹೊಸದಾಗಿ ಬಂದವಳು. ಗ್ರಿಲ್ಲಿನಾಚೆ ಅವಳು ಬಟ್ಟೆ ಒಣಗಿಸುವುದನ್ನು ನೋಡಿದ್ದೆ, ಮರಾಠಿಯವಳು ಎಂದುಕೊಂಡಿದ್ದೆ.

“ನೀವು ಕನ್ನಡದವರಾ ಅಕ್ಕ?” ಎಂದಳು. “ನಾವು ಉಡುಪಿ ಕಡೆಯವರು. ನಮ್ಮವರದ್ದು ಗ್ರಾಂಟ್ ರೋಡಿನಲ್ಲಿ ಹೋಟೆಲು ಉಂಟು.” ಆಮೇಲೆ ಕಣ್ಣರಳಿಸಿ, “ಮೈಸೂರಿನಿಂದ ಭಾನುವಾರ ಫೋನು ಬರ್ತದಲ್ಲ, ಆ ಅಮ್ಮ ನಿಮ್ಮ ಮನೆಯವರಾ? ಅವರ ಬೆನ್ನಿನ ಹುಣ್ಣು ಈಗ ಹೇಗುಂಟು? ಒಣಗಿತಾ?”

ನನ್ನ ಕೈಯಲ್ಲಿದ್ದ ಡಬ್ಬದ ಮುಚ್ಚಳ ಕೆಳಗೆ ಬಿತ್ತು. ಅತ್ತೆಯ ಬೆನ್ನಿನ ಹುಣ್ಣಿನ ವಿಷಯ ನನಗೆ, ಇವರಿಗೆ ಮತ್ತು ಡಾಕ್ಟರಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ.

“ನಿಮಗೆ ಯಾರು ಹೇಳಿದ್ದು?”

ಅವಳ ಮುಖ ಇಳಿಯಿತು. “ಬೇಕಂತ ಕೇಳಿದ್ದಲ್ಲ ಮಾರಾಯ್ರೆ. ನನ್ನ ತಮ್ಮ ದುಬೈಯಿಂದ ಒಂದು ಕಾರ್ಡ್‌ಲೆಸ್ಸು ತಂದು ಕೊಟ್ಟಿದ್ದಾನೆ. ಒಂದು ಭಾನುವಾರ ಗುಂಡಿ ಒತ್ತಿದ್ರೆ ಅದರಲ್ಲಿ ಕನ್ನಡ! ಇವರು ಬೆಳಗಾಗುವ ಮೊದಲೇ ಹೋಟೆಲಿಗೆ ಹೋಗ್ತಾರೆ. ನಾನು ಇಡೀ ದಿನ ಒಬ್ಬಳೇ. ಕನ್ನಡ ಕೇಳಿ ಎಷ್ಟು ಸಮಯ ಆಗಿತ್ತು... ಇಡ್ಲಿಕ್ಕೆ ಮನಸ್ಸು ಬರ್ಲಿಲ್ಲ.” ಆಮೇಲೆ, “ನಿಮ್ಮ ನಾದಿನಿ ಪಾಪ, ಅವರ ಗಂಡ...” ಎಂದು ಶುರುಮಾಡಿದಳು.

“ಬೇಡ,” ಎಂದೆ. “ನನಗೆ ಹೇಳಬೇಡಿ. ಅವರು ನನಗೆ ಹೇಳಿಲ್ಲ ಅಂದ ಮೇಲೆ ನಿಮ್ಮಿಂದ ನಾನು ಕೇಳಬಾರದು.”

ಅವಳು ಕೆಟ್ಟವಳಲ್ಲ. ನನ್ನ ಡಬ್ಬ ಎತ್ತಲು ಕೈಯೂ ಕೊಟ್ಟಳು. ಆದರೆ ಮನೆಯ ಮೆಟ್ಟಿಲು ಹತ್ತುತ್ತಾ ಲೆಕ್ಕ ಹಾಕಿದೆ. ಮಾರನೆಯ ದಿನ ಭಾನುವಾರ. ಇದನ್ನು ಹೀಗೇ ಬಿಟ್ಟರೆ ತಾಯಿ ಮಗಳ ಮಾತು ಎದುರು ಬಿಲ್ಡಿಂಗಿನಲ್ಲಿ ಕೇಳುತ್ತದೆ. ಅತ್ತೆಗೆ ಹೇಳಿದರೆ ಅವರು ಇನ್ನೆಂದೂ ಆ ರಿಸೀವರು ಮುಟ್ಟುವುದಿಲ್ಲ. ಮತ್ತೆ “ಮಳೆ ಬಂತಾ, ಇಡಲಾ” ಎನ್ನುವಲ್ಲಿಗೇ ಬರುತ್ತದೆ. ಅವರಿಗೆ ಗೊತ್ತಾಗದ ಹಾಗೆ, ಆ ಫೋನು ಬರುವುದರೊಳಗೆ, ಇದನ್ನು ಸರಿಮಾಡಬೇಕಿತ್ತು.

ಶನಿವಾರ ಇವರಿಗೆ ಅರ್ಧ ದಿನ. ಊಟಕ್ಕೆ ಬಂದವರಿಗೆ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದೆ.

“ಮರಾಠಿಯವಳು ಅಂದ್ಯಲ್ಲೇ?”

“ಅಂದುಕೊಂಡಿದ್ದೆ.”

“ಥೂ,” ಎಂದು ತಟ್ಟೆ ಪಕ್ಕಕ್ಕೆ ಸರಿಸಿದರು. “ಈ ಊರಲ್ಲಿ ಕನ್ನಡ ಬೇಕು ಅಂತ ಹುಡುಕಿದಾಗ ಒಬ್ಬರೂ ಸಿಗಲ್ಲ. ಬೇಡ ಅಂದಾಗ ಎದುರು ಕಿಟಕೀಲೇ ಇರ್ತಾರೆ.”

ಮಜ್ಜಿಗೆಯನ್ನ ಅರ್ಧಕ್ಕೆ ಬಿಟ್ಟು, ಫೋನಿನ ಪೀಠ, ರಿಸೀವರು ಎರಡನ್ನೂ ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮತ್ತೆ ಗ್ರಾಂಟ್ ರೋಡಿಗೆ ಹೊರಟರು. ಅತ್ತೆ ಒಳಗಿನಿಂದ, “ಎಲ್ಲಿಗೋ ಬಿಸಿಲಲ್ಲಿ?” ಎಂದರು. “ಬ್ಯಾಟರಿ ನಿಲ್ತಿಲ್ಲ ಅಮ್ಮಾ, ತೋರಿಸ್ಕೊಂಡು ಬರ್ತೀನಿ,” ಎಂದರು ಇವರು. ಅತ್ತೆ, “ನಾಳೆಗೆ ಸಿಗತ್ತಲ್ವೇನೋ?” ಎಂದು ಎರಡು ಸಲ ಕೇಳಿದರು.

ಸಂಜೆ ಇವರು ಬೆವರಿನಲ್ಲಿ ತೊಯ್ದು ವಾಪಸು ಬಂದರು. ಅಂಗಡಿಯವನು ಪೀಠವನ್ನು ಬೋರಲು ಹಾಕಿ, ಹೊಟ್ಟೆಯಡಿ ಇದ್ದ ಪುಟ್ಟ ಬಿಳಿ ಗುಂಡಿಗಳನ್ನು ಪಿನ್ನಿನ ತುದಿಯಿಂದ ಆಚೀಚೆ ಸರಿಸಿ, ರಿಸೀವರಿನಲ್ಲೂ ಅದೇ ಥರ ಸರಿಸಿ, “ಲಾಕ್ ಕರ್ ದಿಯಾ ಸಾಬ್. ಅಬ್ ಟೆನ್ಶನ್ ನಹೀಂ,” ಎಂದನಂತೆ. ಎಲ್ಲ ಸೆಟ್ಟುಗಳೂ ಕಾರ್ಖಾನೆಯಿಂದ ಒಂದೇ ಥರ ಬರುತ್ತವಂತೆ, ಕೊಂಡವರು ಬದಲಾಯಿಸಿಕೊಳ್ಳಬೇಕಂತೆ.

“ಇದನ್ನ ಮೊದಲೇ ಹೇಳಬಾರದಾಗಿತ್ತಾ ಅವನು?”

“ಕೇಳಿದೆ. ‘ನೀವು ಕೇಳಲಿಲ್ವಲ್ಲ’ ಅಂದ.”

ನನಗೆ ನಂಬಿಕೆ ಬರಲಿಲ್ಲ. ಒಂದು ಸಲ ಬೀಗ ಇದೆ ಎಂದುಕೊಂಡು ಮೋಸಹೋದವಳು. “ನೀವು ಇಲ್ಲಿಂದ ಯಾರಿಗಾದ್ರೂ ಫೋನ್ ಮಾಡಿ ಮಾತಾಡ್ತಾ ಇರಿ. ನಾನು ಅವಳ ಮನೇಲಿ ನಿಂತು ಕೇಳ್ತೀನಿ,” ಎಂದು ಎದುರು ಬಿಲ್ಡಿಂಗಿಗೆ ಹೋದೆ.

ಬಾಗಿಲು ತೆರೆದವಳಿಗೆ ನನ್ನನ್ನು ನೋಡಿ ಗಾಬರಿ, ಜಗಳಕ್ಕೆ ಬಂದೆನೇನೋ ಎಂದು. ವಿಷಯ ಹೇಳಿದಾಗ ಕುರ್ಚಿ ಒರೆಸಿ ಕೊಟ್ಟಳು. ಅವಳ ಫೋನೂ ಕಿಟಕಿಯ ಪಕ್ಕದಲ್ಲೇ ಇತ್ತು. ಅಲ್ಲಿಂದ ನಮ್ಮ ಫ್ರಿಜ್ಜು, ಏರಿಯಲ್ಲು, ನಾನು ಬೆಳಿಗ್ಗೆ ಹರವಿದ ಚಾದರ ಎಲ್ಲ ಕಾಣುತ್ತಿದ್ದವು. ಅವಳು ಗುಂಡಿ ಒತ್ತಿ ನೋಡಿ, “ಮೊದಲು ಕೆಲವು ಸಲ ನಿಮ್ಮ ಲೈನಿನ ಡಯಲ್ ಟೋನೇ ನನ್ನದರಲ್ಲಿ ಬರ್ತಿತ್ತು ಅಕ್ಕ. ಈಗ ಇಲ್ಲ,” ಎಂದಳು. ನನಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಇವರು ಮನೆಯಿಂದ ತಮ್ಮ ಆಫೀಸಿನ ಗೆಳೆಯರೊಬ್ಬರಿಗೆ ಫೋನು ಮಾಡಿದರು ಎಂದು ಕಾಣುತ್ತದೆ. ಅವಳು ಮತ್ತೆ ಕಿವಿಗಿಟ್ಟುಕೊಂಡವಳು ರಿಸೀವರನ್ನು ನನಗೆ ಕೊಟ್ಟಳು.

“...ಏನಿಲ್ಲ ಕಣಯ್ಯಾ,” ಇವರ ದನಿ, ನನ್ನ ಕಿವಿಯೊಳಗೇ ನಿಂತ ಹಾಗೆ. “ಸುಮ್ನೆ ಮಾತಾಡು. ನಮ್ಮ ಯಜಮಾನಿ ಎದುರು ಬಿಲ್ಡಿಂಗಲ್ಲಿ ಸಿಐಡಿ ಕೆಲಸಕ್ಕೆ ಹೋಗಿದಾಳೆ. ಬೆಳಗಿಂದ ಒಂದು ಲೋಟ ಕಾಫಿ ನೆಟ್ಟಗೆ ಸಿಕ್ಕಿಲ್ಲ ನನಗೆ...”

ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನೂ ನಕ್ಕೆ. ಆಮೇಲೆ ಅಲ್ಲೇ ಕೂತುಬಿಟ್ಟೆ. ಅಂಗಡಿಯವನು ಹಾಕಿಕೊಟ್ಟ ಬೀಗ ನಮ್ಮ ಲೈನಿನಲ್ಲಿ ಬೇರೆಯವರು ಫೋನು ಮಾಡದ ಹಾಗೆ ತಡೆಯುತ್ತಿತ್ತು, ಅಷ್ಟೆ. ಮಾತು ಮೊದಲಿನ ಹಾಗೇ ಕಿಟಕಿ ದಾಟಿ ಹೋಗುತ್ತಿತ್ತು.

“ನಾನು ನಾಳೆ ನನ್ನ ಸೆಟ್ಟಿನ ತಂತಿ ತೆಗೆದಿಡ್ತೇನೆ ಅಕ್ಕ. ದೇವರಾಣೆ, ಕೇಳುದಿಲ್ಲ,” ಎಂದಳು.

ಅವಳ ಮಾತಿನಲ್ಲಿ ನನಗೆ ಅನುಮಾನ ಇರಲಿಲ್ಲ. ಆದರೆ ಆಚೆ ವಿಂಗಿನಲ್ಲಿ ಯಾರಿದ್ದಾರೆ, ಹಿಂದಿನ ಬಿಲ್ಡಿಂಗಿಗೆ ನಾಳೆ ಯಾರು ಬರುತ್ತಾರೆ? ಇಷ್ಟು ದಿನ ಯಾವ ಧೈರ್ಯದಲ್ಲಿ ಇದ್ದೆವೋ ಅದು ಆ ಕುರ್ಚಿಯಲ್ಲಿ ಕೂತಲ್ಲೇ ಮುಗಿಯಿತು.

ಮನೆಗೆ ಬಂದು ಇವರಿಗೆ ಹೇಳಿದೆ: “ಹಳೇ ಫೋನನ್ನೇ ಒಳಕೋಣೆಗೆ ಹಾಕಿಬಿಡೋಣ. ಅಮ್ಮನ ತಲೆದೆಸೆಗೆ.”

“ಹಾಲಿಂದ ಫೋನ್ ತೆಗೆಯೋದಾ? ಬಂದೋರು ಏನಂತಾರೆ? ಪಕ್ಕದ ಮನೆಯೋರಿಗೆ ಫೋನ್ ಬಂದ್ರೆ ಅಮ್ಮನ ಹಾಸಿಗೆ ಹತ್ರ ಹೋಗಿ ಮಾತಾಡಬೇಕಾ?”

“ಮಾತಾಡಲಿ. ಆ ನೆಪದಲ್ಲಾದ್ರೂ ಅಮ್ಮನ್ನ ಮಾತಾಡಿಸ್ತಾರೆ.”

ಮಗಳು ಕಾಲೇಜಿನ ಪುಸ್ತಕದಿಂದ ತಲೆಯೆತ್ತಿ, “ಮಮ್ಮೀ, ಮತ್ತೆ ನಾನು? ಅಜ್ಜಿ ಸಾಮ್ನೆ ಬೈಠ್ ಕೇ ಫ್ರೆಂಡ್ಸ್ ಜೊತೆ ಬಾತ್ ಮಾಡ್ಬೇಕಾ? ಪ್ರೈವಸಿನೇ ಇಲ್ಲ ಈ ಘರ್‌ನಲ್ಲಿ!” ಎಂದಳು.

“ನಿನಗೆ ಕಾಲೇಜಿದೆ, ಕ್ಯಾಂಟೀನಿದೆ, ಇಡೀ ಮುಂಬಯಿ ಇದೆ. ಅಜ್ಜಿಗೆ ಇರೋದು ಆ ಮಂಚ ಒಂದೇ,” ಎಂದೆ. ಮಾತಾಡುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಅವಳು ಎದ್ದುಹೋಗಿ ಕೆಳಗಿನ ಅಂಗಡಿಯಿಂದ ತಂತಿಯ ಸುರುಳಿಯನ್ನೂ ಮೊಳೆಯನ್ನೂ ತಂದುಕೊಟ್ಟಳು.

ಇವರು ಸ್ಟೂಲು ಹತ್ತಿ, ಬಾಗಿಲಿನ ಚೌಕಟ್ಟಿನ ಮೇಲಿನಿಂದ ತಂತಿ ಎಳೆದರು. ಬೀರುವಿನ ಹಿಂದೆ ನುಗ್ಗಿಸಲು ನಾವಿಬ್ಬರೂ ಬೀರು ತಳ್ಳಿದೆವು. ಅದರಡಿ ಸಿಕ್ಕ ಧೂಳನ್ನು ನಾನು ಗುಡಿಸಿದೆ. ಸುತ್ತಿಗೆಯ ಒಂದು ಏಟು ಇವರ ಹೆಬ್ಬೆರಳಿಗೆ ಬಿತ್ತು. ಅತ್ತೆ ಎಲ್ಲವನ್ನೂ ಮಲಗಿದಲ್ಲಿಂದ ನೋಡುತ್ತಿದ್ದರು.

“ಆ ಹೊಸದಕ್ಕೆ ಏನಾಯ್ತೋ?”

“ಕೆಟ್ಟುಹೋಯ್ತಮ್ಮಾ. ವಿದೇಶದ್ದು, ಇಲ್ಲಿ ರಿಪೇರಿ ಆಗಲ್ವಂತೆ.”

ಅತ್ತೆ ಇವರ ಮುಖ ನೋಡಿದರು, ನನ್ನ ಮುಖ ನೋಡಿದರು. ಮಗ ಸುಳ್ಳು ಹೇಳುವಾಗ ಗೊತ್ತಾಗದ ತಾಯಿ ಅಲ್ಲ ಅವರು. ಆದರೆ ಕೇಳಲಿಲ್ಲ. ಹೊದಿಕೆ ತೆಗೆದು ತಲೆದೆಸೆಯ ಪುಟ್ಟ ಮೇಜಿನ ಮೇಲೆ ಹಳೆಯ ಕಪ್ಪು ಫೋನನ್ನು ಇಟ್ಟಾಗ ಅದರ ಸುರುಳಿ ದಾರವನ್ನು ಬೆರಳಿಗೆ ಸುತ್ತಿಕೊಂಡು, “ಇದೇ ವಾಸಿ. ಹಿಡ್ಕೊಳ್ಳೋಕೆ ಏನೋ ಒಂದಿರತ್ತೆ,” ಎಂದರು.

ಭಾನುವಾರ ಬೆಳಿಗ್ಗೆ ತಲೆ ಬಾಚಿಸಿಕೊಂಡರು. ಫೋನು ಬಂತು. ಅವರೇ ಕೈ ಚಾಚಿ ತೆಗೆದುಕೊಂಡರು. ನಾನು ಬಾಗಿಲು ಮುಂದೆ ಮಾಡಿ ಟೀವಿಯ ಮುಂದೆ ಹೋಗಿ ಕೂತೆ. ಧಾರಾವಾಹಿಯಲ್ಲಿ ಏನಾಯಿತೋ ತಲೆಗೆ ಹೋಗಲಿಲ್ಲ. ಬಾಗಿಲಿನಾಚೆ ಆ ಸಣ್ಣ ಧಾರೆ ನಿಲ್ಲದೆ ಹರಿಯುತ್ತಿದೆ ಎಂಬುದಷ್ಟೇ ಕೇಳಿಸಿತು.

ಅಡುಗೆಯಾಗುವ ಹೊತ್ತಿಗೆ ಎದುರು ಬಿಲ್ಡಿಂಗಿನವಳು ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ಬಿಸಿ ಬಿಸಿ ಗೋಳಿಬಜೆ. “ನನ್ನ ಸೆಟ್ಟು ಕಪಾಟಿನಲ್ಲಿಟ್ಟಿದ್ದೇನೆ,” ಎಂದು ಬಾಗಿಲಲ್ಲೇ ಪಿಸುಗುಟ್ಟಿದಳು. ಆಮೇಲೆ, “ಅಮ್ಮನನ್ನು ಒಂದು ಸಲ ನೋಡಬಹುದಾ? ಏನೂ ಹೇಳುದಿಲ್ಲ. ನೋಡಿ ಹೋಗ್ತೇನೆ.”

ನನಗೆ ಹೆದರಿಕೆಯಾಯಿತು. ಆದರೆ ಡಬ್ಬಿ ಹಿಡಿದು ನಿಂತವಳನ್ನು ಹಿಂದಕ್ಕೆ ಕಳಿಸುವುದು ಹೇಗೆ? ಒಳಗೆ ಕರೆದುಕೊಂಡು ಹೋಗಿ, “ಎದುರುಗಡೆ ಮನೆಯವರು, ಅತ್ತೆ. ಕನ್ನಡದವರಂತೆ, ಉಡುಪಿ ಕಡೆ,” ಎಂದೆ.

ಅತ್ತೆಗೆ ಸಂತೋಷವಾಯಿತು. “ಬಾಮ್ಮಾ, ಕೂತ್ಕೋ. ಎಷ್ಟು ಮಕ್ಕಳು ನಿನಗೆ?”

“ಇನ್ನೂ ಇಲ್ಲ ಅಮ್ಮ. ನಿಮಗೆ?” ಎಂದಳು, ಹೊಸಬರನ್ನು ಯಾರಾದರೂ ಕೇಳುವ ಹಾಗೆ.

“ಇವನೊಬ್ಬ ಮಗ. ಒಬ್ಬಳು ಮಗಳು, ಮೈಸೂರಲ್ಲಿದಾಳೆ,” ಎಂದರು ಅತ್ತೆ. ಕೈ ಫೋನಿನ ದಾರವನ್ನು ಸವರುತ್ತಿತ್ತು. “ಒಳ್ಳೇ ಕಡೆ ಸೇರಿದಾಳೆ. ಸುಖವಾಗಿದಾಳೆ.”

ಅವಳು ಮಂಚದ ಕಾಲನ್ನು ನೋಡುತ್ತಾ ಕೂತಳು. “ಒಳ್ಳೆದಾಯ್ತು ಅಮ್ಮ,” ಎಂದಳು. ಅವಳ ದನಿಯಿಂದಲೇ ನನಗೆ ನಾದಿನಿಯ ಸಂಸಾರದ ವಿಷಯ ತಿಳಿಯಬೇಕಾದಷ್ಟು ತಿಳಿಯಿತು. ಅತ್ತೆಗೆ ಕಾಣದ ಹಾಗೆ ನಾನು ಮುಖ ತಿರುಗಿಸಿ ಕಿಟಕಿಯ ಪರದೆ ಸರಿಪಡಿಸಿದೆ. ಗೋಳಿಬಜೆಯಲ್ಲಿ ಒಂದನ್ನು ಮುರಿದು ಅತ್ತೆಯ ಬಾಯಿಗೆ ಅವಳೇ ಇಟ್ಟಳು. “ಖಾರ ಸಾಲದು ಕಣಮ್ಮಾ,” ಎಂದು ಅತ್ತೆ ನಕ್ಕರು.

ಮಧ್ಯಾಹ್ನದ ಊಟಕ್ಕೆ ಅನ್ನ, ಬದನೆಕಾಯಿ ಹುಳಿ, ಬಾಜ್ರಿ ಬೆರೆತ ಕಪ್ಪು ಚಪಾತಿ, ಮಜ್ಜಿಗೆ. ಅತ್ತೆ ಎರಡು ತುತ್ತು ಹೆಚ್ಚು ಉಂಡರು. ಊಟವಾದ ಮೇಲೆ ಇವರು ಹೆಬ್ಬೆರಳಿಗೆ ಹಚ್ಚಿಕೊಳ್ಳಲು ಮುಲಾಮು ಹುಡುಕುತ್ತಿದ್ದರಂತೆ. ಮಗಳು ಅಜ್ಜಿಯ ಕೋಣೆಯಲ್ಲಿ ಗೆಳತಿಯ ಹತ್ತಿರ ಹಿಂದಿಯಲ್ಲಿ ಗೊಣಗುತ್ತಿದ್ದಳಂತೆ. ನನಗೆ ಗೊತ್ತಾಗಲಿಲ್ಲ. ಪಾತ್ರೆಗಳನ್ನು ಹಾಗೇ ಬಿಟ್ಟು, ಅಡುಗೆಮನೆಯ ಬಾಗಿಲಲ್ಲಿ ಚಾಪೆಯ ಮೇಲೆ ಉರುಳಿ, ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನೇ.